ಮಾನಿಟರ್ ತಗೊಳ್ಳೋ ಮುಂಚೆ ಒಂದ್ಸಲ ಕುಕ್ಕರುಗಾಲಲ್ಲಿ ಕೂತು ನೋಡಿ

ಎರಡು ವಾರದ ಹಿಂದೆ, ಇಲ್ಲಿ ಡಾರ್ಮ್‌ಸ್ಟಾಟ್‌ಗೆ ಎಂ.ಎಸ್. ಮಾಡೋಕೆ ಬಂದಿರೋ ದಾವಣಗೆರೆ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನೂರಿಪ್ಪತ್ತು ಯೂರೋ ಒಳಗೆ ಒಂದು ಮಾನಿಟರ್ ಹೇಳಿ. ಇಪ್ಪತ್ತೇಳು ಇಂಚು ಇರ್ಲಿ, ನೂರೆಂಬತ್ತು ಹರ್ಟ್ಸ್ ಇರ್ಲಿ, ಎಚ್‌ಡಿಆರ್ ಇದ್ರೆ ಇನ್ನೂ ಒಳ್ಳೇದು" ಅಂತ ಒಂದೇ ಉಸಿರಿಗೆ ಹೇಳಿದ. ಪ್ಯಾನೆಲ್ ಯಾವುದು ಅಂತ ನೋಡಿದ್ಯೇನೋ ಅಂದೆ. "ಅದೇನಣ್ಣ, ಎಲ್ಲಾ ಎಲ್‌ಸಿಡಿನೇ ಅಲ್ವಾ?" ಅಂದ. ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡಿದ್ದೆ, ಅದರ ದಂಡವನ್ನ ಕಟ್ಟಿದ್ದು ಮಾತ್ರ ಅರಸೀಕೆರೆಯಲ್ಲಿರೋ ನಮ್ಮಜ್ಜಿ.

ಆ ಕತೆ ಹೇಳ್ತೀನಿ ಕೇಳಿ.

ಜರ್ಮನಿಗೆ ಬಂದು ಮೊದಲನೇ ಸಂಬಳ ಕೈಗೆ ಬಂದಾಗ ಮನೆಗೊಂದು ಲ್ಯಾಪ್‌ಟಾಪ್ ಕೊಡಿಸೋಣ ಅನ್ನಿಸಿತು. ಫೋನಿನ ಪುಟ್ಟ ಪರದೆಯಲ್ಲಿ ನನ್ನ ಮುಖ ಹುಡುಕೋಕೆ ಅಜ್ಜಿಗೆ ಕಷ್ಟ, ಕೈ ಬೇರೆ ನಡುಗುತ್ತೆ. ಮೂರು ರಾತ್ರಿ ಕೂತು ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡಿದೆ (ಇಂಜಿನಿಯರ್ ಅಲ್ವೇ!). ಪರದೆ ಅನ್ನೋ ಕಾಲಮ್ಮಿನಲ್ಲಿ "15.6 ಇಂಚು" ಅಂತ ಬರೆದು ಸುಮ್ಮನಾದೆ. ವಿವರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಟಿಎನ್, 220 ನಿಟ್ಸ್, 45% ಎನ್‌ಟಿಎಸ್‌ಸಿ" ಅಂತ ಇದ್ದದ್ದನ್ನ ಓದಿದ್ದೆ ಕೂಡ. ಅದೇ ಮಾದರಿಯಲ್ಲಿ ಐಪಿಎಸ್ ಪರದೆ ಇದ್ದದ್ದಕ್ಕೆ ಸಾವಿರದೈನೂರು ರೂಪಾಯಿ ಜಾಸ್ತಿ. ಉಳಿಸಿದೆ. ಇಲ್ಲಿ ಇಬ್ಬರು ಹೋಗಿ ಡೋನರ್ ತಿಂದು ಬಂದರೆ ಮುಗಿದುಹೋಗುವ ದುಡ್ಡು ಅದು.

ಭಾನುವಾರ ಭಾನುವಾರ ವಿಡಿಯೋ ಕಾಲ್ ಶುರುವಾಯ್ತು. ಅಪ್ಪ ಕುರ್ಚಿಯಲ್ಲಿ, ಅಮ್ಮ ಪಕ್ಕದಲ್ಲಿ ನಿಂತುಕೊಂಡು, ಅಜ್ಜಿ ಎಂದಿನಂತೆ ನೆಲದ ಮೇಲೆ ಚಾಪೆಯಲ್ಲಿ. ಮೊದಮೊದಲು ಅಜ್ಜಿ ಹೇಳ್ತಾ ಇದ್ದದ್ದು ಒಂದೇ ಮಾತು: "ಯಾಕೋ ಮಗಾ ಇಷ್ಟು ಕಪ್ಪಾಗಿದ್ದೀಯ? ಅಲ್ಲಿ ಹೊಟ್ಟೆಗೆ ಸರಿಯಾಗಿ ತಿಂತೀಯೋ ಇಲ್ವೋ?" ಬಿಸಿಲೇ ಕಾಣದ ಡಿಸೆಂಬರಿನಲ್ಲಿ ಕೂತು ಅದನ್ನ ಕೇಳಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. "ಫೋನಲ್ಲಿ ನೋಡಿದ್ರೆ ಬೆಳ್ಳಗಿದ್ದೆ ಕಣೋ" ಅಂತಲೂ ಒಂದ್ಸಲ ಅಂದಿದ್ದಳು. ಅಲ್ಲೇ ನನಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಬರ್ತಾ ಬರ್ತಾ ಅಜ್ಜಿ ಎರಡು ಮಾತಾಡಿ "ಕಾಣಲ್ಲ ಬಿಡೋ" ಅಂತ ಎದ್ದು ಒಳಗೆ ಹೋಗೋಕೆ ಶುರು ಮಾಡಿದಳು. ಪೊರೆ ಮತ್ತೆ ಬಂದಿರಬೇಕು ಅಂತ ಅಪ್ಪ ಹಾಸನಕ್ಕೆ ಕರ್ಕೊಂಡು ಹೋದರು. ಡಾಕ್ಟರು ನೋಡಿ, ಆಪರೇಷನ್ ಆದ ಕಣ್ಣು ಚೆನ್ನಾಗೇ ಇದೆ ಅಂತ ವಾಪಸ್ ಕಳಿಸಿದರು. ವಯಸ್ಸಾಯ್ತು, ಆಸಕ್ತಿ ಕಮ್ಮಿ ಆಗಿದೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಹೆಚ್ಚು ಕಮ್ಮಿ ಒಂದೂವರೆ ವರ್ಷ!

ಊರಿಗೆ ಹೋದಾಗ ಗೊತ್ತಾಯ್ತು. ಒಂದು ಸಂಜೆ ಅಜ್ಜಿ ಪಕ್ಕ ಚಾಪೆ ಮೇಲೆ ಕೂತು ಅವರೇಕಾಯಿ ಬಿಡಿಸ್ತಾ ಇದ್ದೆ. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಅಪ್ಪ ತಂಗಿಯ ಜೊತೆ ಮಾತಾಡ್ತಾ ಇದ್ದರು. ತಲೆ ಎತ್ತಿ ನೋಡ್ತೀನಿ, ಅಲ್ಲಿ ನನ್ನ ತಂಗಿ ಇಲ್ಲವೇ ಇಲ್ಲ! ಹಳೇ ಫೋಟೋದ ನೆಗೆಟಿವ್ ಥರ ಒಂದು ಕರೀ ಆಕೃತಿ. ಹಣೆ ಕಪ್ಪು, ಕೂದಲು ಬೂದಿ, ಕಣ್ಣಿದ್ದ ಕಡೆ ಎರಡು ಬಿಳೀ ಮಚ್ಚೆ. ಎದ್ದು ನಿಂತೆ, ತಂಗಿ ಬಂದಳು. ಕೂತೆ, ಹೋದಳು. ಪರದೆಯನ್ನ ಅಜ್ಜಿ ಕಡೆಗೆ ಬಾಗಿಸಿದರೆ ಅಪ್ಪನಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಮೂರು ಜನ ಕೂತ ಮನೆಗೆ ಒಬ್ಬರಿಗೆ ಮಾತ್ರ ಕಾಣೋ ಪರದೆ ತಂದುಕೊಟ್ಟಿದ್ದೆ ನಾನು. ಅಜ್ಜಿ ಒಂದೂವರೆ ವರ್ಷದಿಂದ ನೆಗೆಟಿವ್ ಜೊತೆ ಮಾತಾಡ್ತಾ ಇದ್ದಳು.

ಇದು ಆ ಒಂದು ಲ್ಯಾಪ್‌ಟಾಪಿನ ದೋಷ ಅಲ್ಲ, ಟಿಎನ್ ಅನ್ನೋ ಜಾತಿಯ ಹುಟ್ಟುಗುಣ. ಎಲ್‌ಸಿಡಿ ಪರದೆ ಅಂದ್ರೆ ಹಿಂದೆ ಒಂದು ದೀಪ, ಮುಂದೆ ದ್ರವ ಸ್ಫಟಿಕದ ಒಂದು ತೆಳು ಪದರ, ಅದರ ಎರಡೂ ಕಡೆ ಬೆಳಕನ್ನ ಸೋಸೋ ಹಾಳೆಗಳು. ಟಿಎನ್‌ನಲ್ಲಿ ಕಡ್ಡಿಯಂಥ ಅಣುಗಳು ತಿರುಪಿನ ಥರ 90 ಡಿಗ್ರಿ ತಿರುಚಿಕೊಂಡು ಮಲಗಿರ್ತವೆ. ವಿದ್ಯುತ್ ಕೊಟ್ಟರೆ ಎದ್ದು ನಿಲ್ತವೆ. ಪೂರಾ ಬಿಳಿ, ಪೂರಾ ಕಪ್ಪು ಆದ್ರೆ ತೊಂದರೆ ಕಡಿಮೆ. ಆದ್ರೆ ಮನುಷ್ಯರ ಮುಖ ಇರೋದು ನಡುವಿನ ಬಣ್ಣಗಳಲ್ಲಿ. ಆಗ ಅಣುಗಳು ಅರ್ಧ ಎದ್ದು ಒಂದೇ ಕಡೆಗೆ ವಾಲಿಕೊಂಡಿರ್ತವೆ. ಗಾಳಿಗೆ ಬಾಗಿದ ರಾಗಿ ಹೊಲ ನೋಡಿದ್ದೀರಲ್ಲ? ಒಂದು ಬದುವಿನಿಂದ ನೋಡಿದ್ರೆ ಬರೀ ತೆನೆ, ಎದುರು ಬದುವಿನಿಂದ ಬರೀ ದಂಟು. ಹಾಗೇ ಇದು. ಐಪಿಎಸ್‌ನಲ್ಲಿ ಅಣುಗಳು ಏಳೋದೇ ಇಲ್ಲ, ಬೀಸೋಕಲ್ಲಿನ ಹಾಗೆ ಮಲಗಿದ ಜಾಗದಲ್ಲೇ ತಿರುಗ್ತವೆ. ಅದಕ್ಕೇ ಮೇಲಿಂದ ನೋಡಿ, ಕೆಳಗಿಂದ ನೋಡಿ, ಮುಖ ಮುಖವಾಗೇ ಕಾಣುತ್ತೆ. ವಿಎ ಅನ್ನೋದು ಮೂರನೇದು. ಅಲ್ಲಿ ಅಣುಗಳು ಸುಮ್ಮನಿದ್ದಾಗ ನೆಟ್ಟಗೆ ನಿಂತು ಬೆಳಕನ್ನ ಚೆನ್ನಾಗಿ ತಡೀತವೆ, ಹಾಗಾಗಿ ಕಪ್ಪು ನಿಜಕ್ಕೂ ಕಪ್ಪಾಗಿರುತ್ತೆ.

(ಅಪ್ಪನಿಗೆ ಇದನ್ನ ವಿವರಿಸಿದಾಗ ಅವರು ಕೇಳಿದ್ದು: "ಐಪಿಎಸ್ ಅಂದ್ರೆ ಪೊಲೀಸು, ವಿಎ ಅಂದ್ರೆ ವಿಲೇಜ್ ಅಕೌಂಟೆಂಟು, ಟಿಎನ್ ಅಂದ್ರೆ ತಮಿಳುನಾಡಿನ ಲಾರಿ. ನಿನ್ನ ಮಾನಿಟರ್ ಯಾವಾಗಯ್ಯ ಬರುತ್ತೆ ಇದ್ರಲ್ಲಿ?")

ಈ ವಿಷಯ ಓದ್ತಾ ಹೋದಾಗ ಎರಡು ಸಂಗತಿ ಸಿಕ್ಕವು, ಹೇಳದೆ ಇರೋಕೆ ಆಗ್ತಿಲ್ಲ. ಟಿಎನ್ ಹುಟ್ಟಿದ್ದು 1970ರ ಕೊನೆಯಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಅದು ಗಡಿಯಾರಕ್ಕೆ, ಕ್ಯಾಲ್ಕುಲೇಟರಿಗೆ ಹೇಳಿ ಮಾಡಿಸಿದ ಹಾಗಿತ್ತು. ಐಪಿಎಸ್‌ಗೆ ದಾರಿ ಮಾಡಿಕೊಟ್ಟ ಪೇಟೆಂಟ್ 1990ರಲ್ಲಿ ಇದೇ ಜರ್ಮನಿಯ ಫ್ರೈಬುರ್ಗ್‌ನ ಫ್ರೌನ್‌ಹೋಫರ್ ಸಂಸ್ಥೆಯ ಗುಂಟರ್ ಬೌರ್ ಮತ್ತವರ ಜೊತೆಗಾರರದ್ದು. ಅದು ಬಂದು ಸೇರಿದ್ದು ನಮ್ಮೂರು ಡಾರ್ಮ್‌ಸ್ಟಾಟ್‌ನ ಮೆರ್ಕ್ ಕಂಪನಿಗೆ. ಅದನ್ನ ಪರದೆಯಾಗಿ ಮಾಡಿ ಮಾರಿದ್ದು 1990ರ ದಶಕದ ನಡುವೆ ಜಪಾನಿನ ಹಿಟಾಚಿ. ನಾನು ದಿನಾ ಬಸ್ಸಿನಲ್ಲಿ ಮೆರ್ಕ್ ಗೇಟಿನ ಮುಂದೆಯೇ ಹೋಗ್ತೀನಿ, ಊರಿಗೆ ಕಳಿಸಿದ್ದು ಮಾತ್ರ ಟಿಎನ್!

ಇನ್ನೊಂದು ಸಂಗತಿ ನಮ್ಮ ಕಡೇದೇ. ಎಸ್. ಚಂದ್ರಶೇಖರ್ (ನಕ್ಷತ್ರಗಳ ಚಂದ್ರಶೇಖರ್ ಅಲ್ಲ, ಇವರು ಬೇರೆ) ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದವರು, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಅವರೂ, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೂ ಸೇರಿ, ಕಡ್ಡಿ ಆಕಾರದ ಅಣುಗಳಷ್ಟೇ ಅಲ್ಲ, ತಟ್ಟೆ ಆಕಾರದ ಅಣುಗಳೂ ದ್ರವ ಸ್ಫಟಿಕ ಆಗಬಲ್ಲವು ಅಂತ ತೋರಿಸಿಕೊಟ್ಟರು. ಮುಂದೆ ಅಂಥ ತಟ್ಟೆ ಅಣುಗಳನ್ನೇ ಬಳಸಿ ಜಪಾನಿನ ಫ್ಯೂಜಿ ಕಂಪನಿ ಒಂದು ಹಾಳೆ ಮಾಡಿತು. ಯಾತಕ್ಕೆ ಗೊತ್ತೇ? ಟಿಎನ್ ಪರದೆಯನ್ನ ಓರೆಯಿಂದ ನೋಡಿದರೂ ಕಾಣಲಿ ಅಂತ! ಪಕ್ಕದಲ್ಲಿ ಕೂತವರಿಗೆ ಅದರಿಂದ ಉಪಕಾರ ಆಯ್ತು. ಕೆಳಗೆ ಕೂತವರ ಪಾಡು ಅಷ್ಟೇನೂ ಬದಲಾಗಲಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ನನ್ನ ವಾದ ಇಷ್ಟೇ: ಕೈಲಿರೋ ದುಡ್ಡು ಕಮ್ಮಿ ಇದ್ದಷ್ಟೂ ಪ್ಯಾನೆಲ್ ಮೊದಲು ನೋಡಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಜನ ಮಾಡೋದು ತಿರುಗಾಮುರುಗಾ. ಅಗ್ಗದ ಮಾನಿಟರಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದೆಲ್ಲ ಹೆಚ್ಚುಕಮ್ಮಿ ಬಾಯಿಮಾತು. ಅಗ್ಗದ ಮಾನಿಟರಿನಲ್ಲಿ ಎಚ್‌ಡಿಆರ್ ಅಂದ್ರೆ ಸಿಗ್ನಲ್ ಒಳಗೆ ತಗೊಳ್ಳುತ್ತೆ ಅಂತ ಅಷ್ಟೇ, ತೋರಿಸೋ ತಾಕತ್ತು ಇರಲ್ಲ. ಒಂದು ಮಿಲಿಸೆಕೆಂಡ್ ಅನ್ನೋದನ್ನ ಎಷ್ಟೋ ಸಲ ದೀಪ ಆರಿಸಿ ಹಚ್ಚಿ ಸಾಧಿಸಿರ್ತಾರೆ. ಕೋಟಿಗೊಂದು ಡೈನಮಿಕ್ ಕಾಂಟ್ರಾಸ್ಟ್ ಅನ್ನೋದನ್ನಂತೂ ಓದಲೇಬೇಡಿ.

ಡಬ್ಬದ ಮೇಲೆ ಪ್ಯಾನೆಲ್ ಹೆಸರು ಹಾಕದೇ ಇದ್ದರೆ ಎರಡು ಅಂಕಿ ನೋಡಿ ಸಾಕು. ನೋಟದ ಕೋನ 170/160 ಅಂತಿದ್ದರೆ ಅದು ಟಿಎನ್, ವಾಪಸ್ ಇಡಿ. 178/178 ಅಂತಿದ್ದರೆ ಐಪಿಎಸ್ ಇಲ್ಲಾ ವಿಎ. ಆಗ ಮಾಮೂಲಿ ಕಾಂಟ್ರಾಸ್ಟ್ ನೋಡಿ: ಸಾವಿರಕ್ಕೊಂದರ ಆಸುಪಾಸು ಆದರೆ ಐಪಿಎಸ್, ಮೂರು ಸಾವಿರ ಅಥವಾ ಮೇಲೆ ಆದರೆ ವಿಎ. ನೂರಾಅರವತ್ತು ಡಿಗ್ರಿ ಅಂತ ಬರೆದಿದ್ದು ಅಜ್ಜಿಗೆ ಯಾಕೆ ಕಾಣಲಿಲ್ಲ ಅಂತೀರಾ? ಆ ಕೋನವನ್ನ ಅಳೆಯೋದು, ಕಾಂಟ್ರಾಸ್ಟ್ ಹತ್ತಕ್ಕೊಂದರ ಮಟ್ಟಕ್ಕೆ ಇಳಿಯೋ ತನಕ. ಅಷ್ಟರೊಳಗೆ ಬಣ್ಣ ಉಲ್ಟಾ ಆಯ್ತೋ, ಮುಖ ಭೂತ ಆಯ್ತೋ, ಅದು ಲೆಕ್ಕಕ್ಕೇ ಇಲ್ಲ!

ವಿಎ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ಟೀಮಿನ ಪೋಲಿಷ್ ಹುಡುಗ ರಾತ್ರಿ ದೀಪ ಆರಿಸಿ ಸಿನಿಮಾ ನೋಡೋವನು, ಅವನಿಗೆ ಅದೇ ಸರಿ. ಕತ್ತಲಲ್ಲಿ ಐಪಿಎಸ್‌ನ ಕಪ್ಪು ಬೂದಿ ಥರ ಕಾಣುತ್ತೆ, ಮೂಲೆಗಳು ಹೊಳೀತವೆ, ಒಪ್ಕೊಳ್ತೀನಿ. ಆದ್ರೆ ಕೆಲಸಕ್ಕೆ ಅಂತ ಕಳೆದ ವರ್ಷ ನಾನೇ ಒಂದು ಅಗ್ಗದ ಇಪ್ಪತ್ತೇಳು ಇಂಚಿನ ಬಾಗಿದ ವಿಎ ತರಿಸಿದ್ದೆ. ಕಪ್ಪು ಹಿನ್ನೆಲೆಯಲ್ಲಿ ಕೋಡ್ ಸ್ಕ್ರೋಲ್ ಮಾಡಿದ್ರೆ ಅಕ್ಷರದ ಹಿಂದೆ ಮಸಿ ಎಳೆದ ಹಾಗೆ ನೆರಳು. ಅದಕ್ಕಿಂತ ಬೇಜಾರಾಗಿದ್ದು ಕನ್ನಡ ಓದೋಕೆ ಹೋದಾಗ. ಇಪ್ಪತ್ತೇಳು ಇಂಚಿಗೆ 1920x1080 ಅಂದ್ರೆ ಇಂಚಿಗೆ 82 ಚುಕ್ಕಿ ಮಾತ್ರ. ಇಂಗ್ಲಿಷಿಗೆ ಹೇಗೋ ನಡೆಯುತ್ತೆ. ನಮ್ಮದು ಹಾಗಲ್ಲವಲ್ಲ, ಲಕ್ಷ್ಮಿ ಅಂತ ಬರೆದ್ರೆ ಕ ಕೆಳಗೆ ಷ, ಅದರ ಜೊತೆ ಮ ಎಲ್ಲಾ ಹಿಡಿಸಬೇಕು. ಒತ್ತಕ್ಷರ ಎಲ್ಲ ಕಲಸಿದ ಅವಲಕ್ಕಿ! ಅದೇ ಚುಕ್ಕಿಗಳು ಇಪ್ಪತ್ನಾಲ್ಕು ಇಂಚಿನಲ್ಲಿ ಇಂಚಿಗೆ 92 ಆಗ್ತವೆ. ಇಪ್ಪತ್ತೇಳೇ ಬೇಕು ಅಂದ್ರೆ 2560x1440 ತಗೊಳ್ಳಿ, 109 ಸಿಗುತ್ತೆ, ಆದ್ರೆ ದುಡ್ಡು ಜಾಸ್ತಿ. ಇಲ್ಲಿ ಆನ್‌ಲೈನ್ ತಗೊಂಡಿದ್ದನ್ನ ಹದಿನಾಲ್ಕು ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು, ಮಾಡಿದೆ.

ಆಮೇಲೆ ತಗೊಂಡಿದ್ದು ಯಾವುದೋ ಆಫೀಸಿನವರು ತೆಗೆದುಹಾಕಿದ ಹಳೇ ಡೆಲ್ ಅಲ್ಟ್ರಾಶಾರ್ಪ್, ಇಪ್ಪತ್ನಾಲ್ಕು ಇಂಚಿನ ಐಪಿಎಸ್, ಐವತ್ತೈದು ಯೂರೋ. ಅಂಚು ದಪ್ಪ, ಬೆಳಕು ಸ್ವಲ್ಪ ಇಳಿದಿದೆ, ಅರವತ್ತೇ ಹರ್ಟ್ಸು. ಈ ಬರಹ ಬರೀತಿರೋದು ಅದರ ಮುಂದೆ ಕೂತೇ. ದಾವಣಗೆರೆ ಹುಡುಗನಿಗೂ ಇದನ್ನೇ ಹೇಳಿದೆ, ಅವನ ಮುಖ ಸಪ್ಪಗಾಯ್ತು. ಹಳೇದು ಬೇಡ ಅಂದ್ರೆ ಹೊಸದೇ ಇಪ್ಪತ್ನಾಲ್ಕು ಇಂಚಿನ ಐಪಿಎಸ್ ಅವನ ಬಜೆಟ್ಟಿನಲ್ಲೇ ಬರುತ್ತೆ, ಮೂರು ಇಂಚು ಬಿಟ್ಟುಕೊಡಬೇಕು ಅಷ್ಟೇ. ಓಎಲ್‌ಇಡಿ ಬಗ್ಗೆ ಕೇಳಿದ. ಬೆಲೆ ಇಳೀತಾ ಇದೆ ನಿಜ, ಆದ್ರೆ ನಮ್ಮ ನಿಮ್ಮ ಈ ಬಜೆಟ್ಟಿಗೆ ಅದು ಇನ್ನೂ ದೂರದ ಬೆಟ್ಟ. ದಿನವಿಡೀ ಅಲುಗಾಡದೆ ನಿಂತಿರೋ ಟಾಸ್ಕ್ ಬಾರ್ ಅದರಲ್ಲಿ ಕಲೆ ಬಿಡೋ ಭಯವೂ ಉಂಟು.

ಅಂಗಡಿಗೇ ಹೋಗಿ ತಗೊಳ್ಳೋರು ಒಂದು ಕೆಲಸ ಮಾಡಿ. ಪರದೆ ಮೇಲೆ ಯಾವುದಾದ್ರೂ ಮನುಷ್ಯರ ಫೋಟೋ ಹಾಕೋಕೆ ಹೇಳಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಳಗಿಂದ ನೋಡಿ. ಅಂಗಡಿಯವನು ನಗ್ತಾನೆ, ನಗಲಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ಹಾಗೇ ಕೂತಾಗ "ಸಾರ್, ಏನಾದ್ರೂ ಬಿತ್ತಾ?" ಅಂತ ಕೇಳಿದ್ದ.

ಅರಸೀಕೆರೆಗೆ ಅಲ್ಲಿಂದಲೇ ಎಂಟು ಸಾವಿರ ಚಿಲ್ಲರೆಗೆ ಇಪ್ಪತ್ನಾಲ್ಕು ಇಂಚಿನ ಐಪಿಎಸ್ ಒಂದನ್ನ ತಗೊಂಡು ಹೋಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬಂದೆ. ಉಳಿಸಿದ್ದು ಸಾವಿರದೈನೂರು, ಕೊನೆಗೆ ಕೊಟ್ಟಿದ್ದು ಎಂಟು ಸಾವಿರ, ಲೆಕ್ಕ ನೀವೇ ಹಾಕ್ಕೊಳ್ಳಿ. ಈಗ ಅಜ್ಜಿ ಭಾನುವಾರ ಎದ್ದು ಹೋಗಲ್ಲ. ಮೊದಲನೇ ದಿನ ಸುಮಾರು ಹೊತ್ತು ನೋಡಿ, "ಅಯ್ಯೋ, ಗಡ್ಡ ಬಿಟ್ಟಿದ್ದೀಯಾ? ತೆಗಿಯೋ" ಅಂದಳು. ಗಡ್ಡ ಬಿಟ್ಟು ಎರಡು ವರ್ಷ ಆಗಿತ್ತು. ಒಂದೇ ತೊಂದರೆ, ಕ್ಯಾಮೆರಾ ಇನ್ನೂ ಪಕ್ಕದ ಲ್ಯಾಪ್‌ಟಾಪಿನಲ್ಲೇ ಇದೆ, ಅಜ್ಜಿ ನೋಡೋದು ಮಾನಿಟರನ್ನ. ಹಾಗಾಗಿ ವಾರಾ ವಾರಾ ನನಗೆ ಕಾಣೋದು ಅವಳ ಎಡಗಿವಿ, ಬೆಂಡೋಲೆ, ಅರ್ಧ ಕೆನ್ನೆ. ಪ್ರತ್ಯೇಕ ಕ್ಯಾಮೆರಾ ಒಂದು ಕಳಿಸಬೇಕು ಅಂತಿದ್ದೀನಿ. ಯಾವುದು ಒಳ್ಳೇದು ಅಂತ ಗೊತ್ತಿರೋರು ಹೇಳಿ, ಈ ಸಲ ಎಕ್ಸೆಲ್ ಶೀಟ್ ಮಾಡಲ್ಲ.