ಸ್ಟಂಟ್ ಹಾಕುವ ಕೋಣೆಯಲ್ಲಿ ಡಾಕ್ಟರ್ ಒಬ್ಬರೇ ಇರುವುದಿಲ್ಲ

ಪಿಯುಸಿ ಸಯನ್ಸ್ ಮುಗಿಸಿದವರಿಗೆ ನೀಟ್‌ನಲ್ಲಿ ಸೀಟ್ ಸಿಗಲಿಲ್ಲ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಹೊರಡುವ ಮಾತು ಒಂದೇ: "ಯಾವುದಾದರೂ ಪ್ಯಾರಾಮೆಡಿಕಲ್ ಮಾಡಿಸಿಬಿಡಿ, ಗಲ್ಫಿನಲ್ಲಿ ಕೆಲಸ ಉಂಟು." ಆ 'ಯಾವುದಾದರೂ' ಎಂಬ ಪದದ ಬಗ್ಗೆಯೇ ನನ್ನ ತಕರಾರು. ಅದರಲ್ಲೂ ಕ್ಯಾಥ್ ಲ್ಯಾಬ್ ಕೆಲಸದ ಹೆಸರು ಹೇಳಿ ಮಕ್ಕಳನ್ನು ಸೇರಿಸಿಕೊಳ್ಳುವ ಅಲ್ಪಾವಧಿ ಕೋರ್ಸುಗಳ ಬಗ್ಗೆ.

ಹೃದಯದ ಬ್ಲಾಕಿಗೆ ಸ್ಟೆಂಟ್ ಹಾಕಿಸಿಕೊಂಡವರು ಈಗ ಪ್ರತಿ ಕುಟುಂಬದಲ್ಲೂ ಒಬ್ಬರು ಇರುತ್ತಾರೆ. (ನಾವು 'ಸ್ಟಂಟ್' ಅಂತಲೇ ಹೇಳುವುದು, ಇರಲಿ.) ಅದು ಕಾರ್ಡಿಯಾಲಜಿಸ್ಟರ ಕೆಲಸ. ಅದೇ ರೀತಿ ತೊಡೆಸಂದಿ ಅಥವಾ ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಎಕ್ಸ್‌ರೇ ಪರದೆ ನೋಡುತ್ತಾ ತೆಳ್ಳಗಿನ ನಳಿಕೆ ಒಳಗೆ ಕಳಿಸಿ, ದೇಹದ ಬೇರೆ ಭಾಗಗಳಿಗೆ ಚಿಕಿತ್ಸೆ ಮಾಡುವುದಕ್ಕೆ ಇಂಟರ್ವೆನ್ಷನಲ್ ರೇಡಿಯಾಲಜಿ ಎನ್ನುತ್ತಾರೆ. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ ಒಬ್ಬ ವೃದ್ಧೆಯ ಕಾಲಿನ ಕಟ್ಟಿಕೊಂಡ ರಕ್ತನಾಳವನ್ನು ಕೊಯ್ಯದೆಯೇ ಬಿಡಿಸಿದ್ದು ಇದರ ಆರಂಭ. ಈಗ ಡಯಾಲಿಸಿಸ್ ಮಾಡುವವರ ಕೈಯ ಫಿಸ್ಟುಲಾ ಮುಚ್ಚಿಕೊಂಡರೆ ತೆರೆಯುವುದು, ಪಾರ್ಶ್ವವಾಯು ಬಡಿದವರ ಮೆದುಳಿನ ರಕ್ತದ ಗಡ್ಡೆ ಎಳೆದು ತೆಗೆಯುವುದು, ಗರ್ಭಕೋಶದ ಫೈಬ್ರಾಯ್ಡಿಗೆ ಹೋಗುವ ರಕ್ತ ನಿಲ್ಲಿಸುವುದು, ಎಲ್ಲವೂ ಈ ಕೋಣೆಯಲ್ಲೇ.

ಡಾಕ್ಟರ್ ಮಾಡುತ್ತಾರೆ, ಸರಿ. ಆದರೆ ಅವರ ಸುತ್ತ ನಿಂತವರು ಯಾರು? ಸಿ-ಆರ್ಮ್ ಯಂತ್ರವನ್ನು ಸರಿಯಾದ ಕೋನಕ್ಕೆ ತಿರುಗಿಸುವವನು ಟೆಕ್ನಾಲಜಿಸ್ಟ್. ಸೆಕೆಂಡಿಗೆ 15 ಚಿತ್ರದ ಬದಲು ಏಳೂವರೆ ಸಾಕೆಂದು ಇಳಿಸಿದರೆ ರೋಗಿಗೂ ಕೋಣೆಯಲ್ಲಿರುವ ಎಲ್ಲರಿಗೂ ವಿಕಿರಣ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದು ಅವನಿಗೆ ಗೊತ್ತಿರಬೇಕು. ನಳಿಕೆಯ ಅಳತೆ 'ಫ್ರೆಂಚ್' ಎಂಬ ಲೆಕ್ಕದಲ್ಲಿ, ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ತಂತಿಯ ಅಳತೆ ಇಂಚಿನಲ್ಲಿ. ಅವಸರದಲ್ಲಿ ತಪ್ಪು ಸೈಜಿನದ್ದು ತೆರೆದು ಕೊಟ್ಟರೆ ದುಬಾರಿ ಸಾಮಾನು ಹಾಳು, ಅದಕ್ಕಿಂತ ಹೆಚ್ಚಾಗಿ ಸಮಯ ಹಾಳು. ಅಯೋಡಿನ್ ಬಣ್ಣದ ಔಷಧಕ್ಕೆ ರೋಗಿಗೆ ಅಲರ್ಜಿ ಉಂಟಾ, ಕಿಡ್ನಿಯ ಕ್ರಿಯೇಟಿನಿನ್ ಎಷ್ಟು ಎಂದು ಮೊದಲೇ ನೋಡಿಡುವುದು, ಅರೆಮಂಪರಿನಲ್ಲಿರುವವರ ಉಸಿರಿನ ಮೇಲೆ ಕಣ್ಣಿಡುವುದು, ಎಲ್ಲ ಮುಗಿದ ಮೇಲೆ ಚುಚ್ಚಿದ ಜಾಗದಲ್ಲಿ ರಕ್ತ ಸೋರುತ್ತಿದೆಯೋ, ಪಾದದ ನಾಡಿ ಸಿಗುತ್ತದೆಯೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುವುದು ನರ್ಸ್ ಕೆಲಸ. ಇದನ್ನೆಲ್ಲ ಪುಸ್ತಕದಲ್ಲಿ ಓದಬಹುದು. ಆದರೆ ಕೈಗೆ ಬರುವುದು ಆ ಕೋಣೆಯಲ್ಲಿ ನಿಂತರೆ ಮಾತ್ರ.

ಈಗ ಕೋರ್ಸಿನ ವಿಷಯಕ್ಕೆ ಬರೋಣ. 2021ರಲ್ಲಿ ಕೇಂದ್ರ ಸರಕಾರ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ತಂದಿತು. ಅದರ ಪ್ರಕಾರ ಅಲೈಡ್ ಹೆಲ್ತ್ ಪ್ರೊಫೆಷನಲ್ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ ಕಲಿಕೆ ಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳಲ್ಲಿ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಲು ಕನಿಷ್ಠ 3,600 ಗಂಟೆಯ ಡಿಗ್ರಿ. ಆರು ತಿಂಗಳ ಕೋರ್ಸಿಗೆ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಹೋದರೂ 1,250 ಗಂಟೆ ದಾಟುವುದಿಲ್ಲ. ಲೆಕ್ಕ ಹಾಕಿ ನೋಡಿ. ಫ್ರೇಮ್ ಹಾಕಿಸಿ ಗೋಡೆಗೆ ತೂಗುವ ಸರ್ಟಿಫಿಕೇಟ್ ಬರಬಹುದು, ಅದರಿಂದ ರಿಜಿಸ್ಟ್ರೇಶನ್ ಆಗುವುದಿಲ್ಲ. ಗಲ್ಫಿನ ಆರೋಗ್ಯ ಇಲಾಖೆಗಳು ಡೇಟಾಫ್ಲೋ ಮೂಲಕ ಓದಿದ ಸಂಸ್ಥೆಗೇ ನೇರವಾಗಿ ಬರೆದು ಸರ್ಟಿಫಿಕೇಟ್ ಅಸಲಿಯೋ ಎಂದು ಕೇಳುತ್ತವೆ, ಆಮೇಲೆ ಪರೀಕ್ಷೆ. ಅಲ್ಲಿ ಏಜೆಂಟರ ಮಾತು ನಡೆಯುವುದಿಲ್ಲ.

ಹಾಗಾದರೆ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಮಾಡಿದರೆ ಸಾಕೇ? ಅದು ಬುನಾದಿ. ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲ ಅದರಲ್ಲಿ ಉಂಟು, ಇಂಟರ್ವೆನ್ಷನ್ ಒಂದು ಮೂಲೆ. ಅಮೆರಿಕದಲ್ಲಿ ರೇಡಿಯೋಗ್ರಾಫರ್ ಆದವರು ಇದಕ್ಕೆಂದೇ ನಿಗದಿತ ಸಂಖ್ಯೆಯ ಕೇಸುಗಳಲ್ಲಿ ಕೆಲಸ ಮಾಡಿ, ಅದನ್ನು ದಾಖಲಿಸಿ, ಪ್ರತ್ಯೇಕ ಪರೀಕ್ಷೆ ಬರೆಯುತ್ತಾರೆ. ನಮ್ಮಲ್ಲಿ ಹೆಚ್ಚಿನ ಕಡೆ 'ಸೀನಿಯರ್ ಮಾಡುವುದನ್ನು ನೋಡಿ ಕಲಿ' ಎಂಬ ಪದ್ಧತಿ. ಒಳ್ಳೆಯ ಸೀನಿಯರ್ ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಟ್ರಾಲಿ ತಳ್ಳುವುದರಲ್ಲೇ ವರ್ಷ ಹೋಗುತ್ತದೆ. ಅಡ್ಮಿಶನ್‌ಗೆ ಹೋದಾಗ ಹೆತ್ತವರು ಕೇಳಬೇಕಾದದ್ದು ಫೀಸು, ಹಾಸ್ಟೆಲ್ ಮಾತ್ರವಲ್ಲ. ಕಾಲೇಜಿನ ಆಸ್ಪತ್ರೆಯಲ್ಲಿ ಕ್ಯಾಥ್ ಲ್ಯಾಬ್ ಉಂಟೇ, ದಿನಕ್ಕೆ ಎಷ್ಟು ಕೇಸ್, ಇಂಟರ್ನ್‌ಗಳಿಗೆ ಅಲ್ಲಿ ಎಷ್ಟು ವಾರ, ಲಾಗ್‌ಬುಕ್‌ಗೆ ಯಾರು ಸಹಿ ಹಾಕುತ್ತಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ, ಮುಲಾಜು ಬೇಡ.

ಹೆಣ್ಣುಮಕ್ಕಳ ಉಮ್ಮಂದಿರು ಕೇಳುವ ಪ್ರಶ್ನೆ ಬೇರೆ: ವಿಕಿರಣದಿಂದ ನಾಳೆ ಮಕ್ಕಳಾಗಲು ತೊಂದರೆ ಆದರೆ? ಹೆದರಿಕೆ ಸಹಜ, ಆದರೆ ಹೆದರಿ ಬಾಗಿಲು ಮುಚ್ಚುವುದು ಸರಿಯಲ್ಲ. ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಗರ್ಭಿಣಿ ಎಂದು ತಿಳಿಸಿದ ಮೇಲೆ ಮಗುವಿಗೆ ತಾಗುವ ಪ್ರಮಾಣ 1 ಮಿಲಿಸೀವರ್ಟ್ ಮೀರಬಾರದು. ಸೀಸದ ಏಪ್ರನ್, ಥೈರಾಯ್ಡ್ ಕವಚ, ಕಣ್ಣಿಗೆ ಸೀಸದ ಕನ್ನಡಕ. ಯಂತ್ರದಿಂದ ಎರಡು ಪಟ್ಟು ದೂರ ನಿಂತರೆ ಬೀಳುವ ವಿಕಿರಣ ಸುಮಾರು ನಾಲ್ಕನೇ ಒಂದು ಭಾಗ. ಮುಖ್ಯವಾಗಿ ಎದೆಯ ಹತ್ತಿರ, ಏಪ್ರನ್ ಒಳಗೆ ಹಾಕುವ ಟಿಎಲ್‌ಡಿ ಬ್ಯಾಡ್ಜ್. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ತಾಗಿದೆ ಎಂದು ಲೆಕ್ಕ ತೆಗೆಯುತ್ತಾರೆ. ಆ ರಿಪೋರ್ಟ್ ಕೇಳಿ ನೋಡುವುದು ಕೆಲಸ ಮಾಡುವವಳ ಹಕ್ಕು. ಬ್ಯಾಡ್ಜನ್ನೇ ಕೊಡದ ಕಡೆ ಮಗಳನ್ನಾಗಲಿ ಮಗನನ್ನಾಗಲಿ ಒಂದು ದಿನವೂ ನಿಲ್ಲಿಸಬೇಡಿ.

ಇನ್ನೊಂದು ಮಾತು ನಮ್ಮ ಜಮಾಅತ್‌ಗಳಿಗೆ, ಸ್ಕಾಲರ್‌ಶಿಪ್ ಕೊಡುವ ಸಂಘಟನೆಗಳಿಗೆ. ಮೊದಲ ವರ್ಷದ ಫೀಸಿಗೆ ಸಹಾಯ ಮಾಡುವವರು ಸಿಗುತ್ತಾರೆ. ಕೊನೆಗೆ ಇಂಟರ್ನ್‌ಶಿಪ್ ಬರುವಾಗ ಮನೆಯಲ್ಲಿ ಕೈ ಖಾಲಿ. ಕೊಡುವ ಸ್ಟೈಪೆಂಡ್ ಬಸ್ಸು-ಊಟಕ್ಕೇ ಸಾಲದು. ಅಷ್ಟರಲ್ಲಿ ಸೌದಿಯಿಂದ ಮಾವನ ಫೋನ್, ಅಂಗಡಿಯಲ್ಲಿ ಕೆಲಸ ಖಾಲಿ ಉಂಟು, ಬಾ ಎಂದು. ಹುಡುಗ ಹೊರಟೇಬಿಡುತ್ತಾನೆ, ಕೈ ಪಳಗಬೇಕಾದ ಆ ವರ್ಷವನ್ನೇ ಬಿಟ್ಟು. ಅವನನ್ನು ಬೈದು ಪ್ರಯೋಜನವಿಲ್ಲ. ಫೀಸಿನ ಹಣದಲ್ಲಿ ಒಂದು ಪಾಲನ್ನು ಇಂಟರ್ನ್‌ಶಿಪ್ ವರ್ಷದ ಊಟ, ರೂಮು ಬಾಡಿಗೆಗೆ ತೆಗೆದಿಡಿ, ಲಾಗ್‌ಬುಕ್ ನೋಡಿ ತಿಂಗಳು ತಿಂಗಳು ಕೊಡಿ. ಈ ವರ್ಷದ ಅರ್ಜಿ ಕರೆಯುವ ಮೊದಲೇ ಇದನ್ನು ಕಮಿಟಿಯ ಮುಂದೆ ಇಟ್ಟರೆ ಒಳ್ಳೆಯದು.