ಇಲ್ಲದ ಮೃಗ, ಇರುವ ನರಿ

ಊರಿನಿಂದ ಬಂದ ನೆಂಟರಿಗೆ ವಿಕ್ರೋಳಿಯ ಖಾರಿಯಂಚಿನ ಕಾಂಡ್ಲಾ ಕಾಡನ್ನು ತೋರಿಸಿ, ಅಲ್ಲೊಂದು ನರಭಕ್ಷಕ ಮೃಗವಿದೆಯೆಂದು ಹೆದರಿಸಿ ನಗುವುದು ನಮ್ಮಲ್ಲಿ ಕೆಲವರಿಗೆ ನಿರುಪದ್ರವಿ ವಿನೋದ. ಆಸ್ಟ್ರೇಲಿಯದವರೂ ಮರದಿಂದ ತಲೆಯ ಮೇಲೆ ಧುಮುಕುವ ‘ಡ್ರಾಪ್ ಬೇರ್’ ಎಂಬ ಪ್ರಾಣಿಯನ್ನು ಕಲ್ಪಿಸಿ ಪ್ರವಾಸಿಗರನ್ನು ಅಂಜಿಸುವುದಿಲ್ಲವೇ ಎಂದು ಕೇಳುವವರುಂಟು. ಈ ಹೋಲಿಕೆ ಸಲ್ಲದು. ಇಲ್ಲದ ಪ್ರಾಣಿಯನ್ನು ಕೊಲ್ಲಲು ಯಾರೂ ದೊಣ್ಣೆ ಹಿಡಿದು ಹೊರಡುವುದಿಲ್ಲ.

ವಿಕ್ರೋಳಿಯ ಕಾಂಡ್ಲಾದಲ್ಲಾದರೋ ನಿಜವಾಗಿಯೇ ನರಿಗಳಿವೆ. ಏಡಿ, ಇಲಿ ಹಿಡಿದು ತಿಂದು, ಮನುಷ್ಯರ ಸುಳಿವು ಸಿಕ್ಕೊಡನೆ ಸರಿದುಹೋಗುವ ಜೀವಿಗಳು. ನಾವು ಕಟ್ಟಿದ ಮೃಗದ ಅಪವಾದವೆಲ್ಲ ಬೀಳುವುದು ಅವುಗಳ ತಲೆಗೆ. ಹುಚ್ಚು ತಗುಲಿದ ನರಿ ಕಚ್ಚೀತು, ನಿಜ. ಅದಕ್ಕೆ ಮದ್ದು ಲಸಿಕೆಯೇ ಹೊರತು ಕಟ್ಟುಕತೆಯಲ್ಲ.

ಕಾಂಡ್ಲಾ ನಾಶವನ್ನು ಬಾಂಬೆ ಹೈಕೋರ್ಟು 2005ರಲ್ಲಿಯೇ ತಡೆಯಿತು. ಅದೇ ವರ್ಷದ ಜುಲೈ 26ರಂದು ಮುಂಬಯಿ ನೀರಿನಲ್ಲಿ ಮುಳುಗಿತು. ಉಬ್ಬರದ ಅಬ್ಬರವನ್ನು ತಾಳಿಕೊಳ್ಳುವ ಕಾಡನ್ನು ಭಯದ ಬೀಡೆಂದು ಮಕ್ಕಳಿಗೂ ಅತಿಥಿಗಳಿಗೂ ಹೇಳಿಕೊಡುತ್ತ ಬಂದರೆ, ನಾಳೆ ಅದನ್ನು ಕಡಿಯುವ ದಿನ ‘ಬೇಡ’ ಎನ್ನುವವರು ಯಾರು?

ನೆಂಟರನ್ನು ಹೆದರಿಸಲೇಬೇಕೆಂದಿದ್ದರೆ ಎರಡು ತಲೆಯ ಹುಲಿಯನ್ನು ಕಲ್ಪಿಸಿಕೊಳ್ಳಿ, ಅದನ್ನು ನಿಮ್ಮ ಮನೆಯ ಅಟ್ಟದಲ್ಲಿ ಸಾಕಿ. ಕಾಂಡ್ಲಾವನ್ನು ನರಿಗಳಿಗೆ ಬಿಡಿ.