ಬಣ್ಣ ನಮ್ಮದು, ವಿದ್ಯೆ ಯಾರದು?

ಹೊಲದಲ್ಲಿ ಬೆಳೆದದ್ದೆಲ್ಲವೂ ಸಂಪತ್ತೆಂದು ನಾವು ತಿಳಿದಿರುವೆವು. ಅದು ಅರ್ಧ ಸತ್ಯವು. ಬೆಳೆದ ವಸ್ತುವಿನಲ್ಲಿ ಅಡಗಿರುವ ಗುಣವನ್ನು ಕಂಡುಹಿಡಿದು, ಅದನ್ನು ಹೊರದೆಗೆದು, ಕೆಡದಂತೆ ಕಾಪಾಡುವ ವಿದ್ಯೆಯು ಯಾರ ಕೈಯಲ್ಲಿರುವದೋ, ಸಂಪತ್ತು ಕೊನೆಗೆ ಅವರ ಮನೆಯನ್ನೇ ಸೇರುವದು. ಈ ಮಾತಿನ ಸತ್ಯವನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಜನರು ದೂರ ಹೋಗಿ ಅರಸಬೇಕಾದುದಿಲ್ಲ. ನೆರೆಯ ಬ್ಯಾಡಗಿಯ ಪೇಟೆಯಲ್ಲಿ ಸುಗ್ಗಿಯ ಒಂದು ದಿನ ನಿಂತು ನೋಡಿದರೆ ಸಾಕು.

ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆಯು ಖಾರದಲ್ಲಿಲ್ಲ, ಬಣ್ಣದಲ್ಲಿದೆ. ನೆರಿಗೆಗಟ್ಟಿದ ತೊಗಲಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮ ತಾಯಂದಿರು ಆ ಬಣ್ಣವನ್ನು ಸಾರಿನಲ್ಲಿ ಕಂಡರು. ರಸಾಯನಶಾಸ್ತ್ರಜ್ಞನು ಅದನ್ನು ಅಳೆದನು. ತೊಟ್ಟು ಬಿಡಿಸಿದ ಒಣಕಾಯಿಯನ್ನು ಪುಡಿಮಾಡಿ, ಹೆಕ್ಸೇನಿನಂಥ ದ್ರಾವಕವನ್ನು ಅದರಲ್ಲಿ ಹಾಯಿಸಿದರೆ ಬಣ್ಣವು ಕರಗಿ ಬರುವದು. ದ್ರಾವಕವನ್ನು ಆವಿಯಾಗಿಸಿ ತೆಗೆದ ಬಳಿಕ ಉಳಿಯುವ ದಟ್ಟ ಕೆಂಪು ರಸಕ್ಕೆ ಓಲಿಯೋರೆಸಿನ್ ಎನ್ನುವರು. ಒಂದು ಟನ್ನು ಕಾಯಿಗೆ ದೊರೆಯುವದು ಸುಮಾರು 50 ಲೀಟರು ಮಾತ್ರ. ಪರದೇಶದ ತಿನಿಸುಗಳಿಗೂ ತುಟಿಯ ಬಣ್ಣಕ್ಕೂ ಇದೇ ಬೇಕು. ಕಾರಖಾನೆಯವನು ಕೊಳ್ಳುವದು ಕಾಯಿಯನ್ನಲ್ಲ, ಕಾಯಿಯೊಳಗಿನ ಬಣ್ಣವನ್ನು.

ಈ ಕೈಗಾರಿಕೆ ತಾನಾಗಿ ಹುಟ್ಟಲಿಲ್ಲ. ಸಾಂಬಾರ ಪದಾರ್ಥಗಳಿಂದ ರಸ ತೆಗೆಯುವ ವಿಧಾನವನ್ನು ಹದಗೊಳಿಸಿದ್ದು ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು. ಆ ವಿದ್ಯೆಯನ್ನು ಮೊದಲು ಬರಮಾಡಿಕೊಂಡವರು ಕೇರಳದ ಉದ್ಯಮಿಗಳು. 1970ರ ದಶಕದಿಂದ ಕೇರಳವೇ ಈ ಉದ್ಯಮದ ತವರಾಯಿತು. ವಿದ್ಯೆ ಮೈಸೂರಿನದು, ಕಾರಖಾನೆ ಕೇರಳದ್ದು, ಕಾಯಿ ನಮ್ಮದು! ಇದರಲ್ಲಿ ಕೇರಳದವರ ತಪ್ಪೇನು? ಅವರು ಕೇಳಿದರು, ಪಡೆದರು. ನಾವು ಕೇಳಲಿಲ್ಲ.

ಕನ್ನಡಿಗರು ಇಂಥದನ್ನು ಅರಿಯದವರಲ್ಲ. 1914ರ ಮಹಾಯುದ್ಧಕ್ಕೆ ಮೊದಲು ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. ಯುದ್ಧದಿಂದ ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೋ ಹಾಗೂ ವಾಟ್ಸನ್ ಎಂಬ ವಿದ್ವಾಂಸರು ಎಣ್ಣೆ ಇಳಿಸುವ ಪ್ರಯೋಗ ಮಾಡಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಬೆಂಗಳೂರಿನ ಕಾರಖಾನೆಯಲ್ಲಿಯೇ ಗಂಧದೆಣ್ಣೆ ಇಳಿಯಿತು; ಅದರ ಬೆನ್ನಿಗೇ ಮೈಸೂರಿನ ಸಾಬೂನು ಬಂದಿತು. ಪ್ರಯೋಗಶಾಲೆಯೂ ಕಾರಖಾನೆಯೂ ಕೈಗೂಡಿದರೆ ಏನಾಗುವದೆಂಬದಕ್ಕೆ ಬೇರೆ ಸಾಕ್ಷಿ ಬೇಕೆ?

ಕೈಗೂಡದಿದ್ದರೆ ಏನಾಗುವದೆಂಬದನ್ನೂ ನಾವು ಕಂಡೆವು. 2024ರ ಮಾರ್ಚ್ 11ರಂದು ಬೆಲೆ ಕುಸಿದುದರಿಂದ ಕೆರಳಿದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿಯಿಟ್ಟದ್ದು ಎಷ್ಟುಮಾತ್ರಕ್ಕೂ ಸರಿಯಲ್ಲ. ಆದರೆ ವಕೀಲನಾದ ನಾನು ಒಂದು ಮಾತನ್ನು ಬಲ್ಲೆನು: ಕಾಗದಪತ್ರಗಳೆಲ್ಲ ಒಬ್ಬನ ಕೈಯಲ್ಲಿದ್ದು ಇನ್ನೊಬ್ಬನ ಕೈ ಬರಿದಾಗಿದ್ದರೆ ಅವರ ವ್ಯವಹಾರವು ಎಂದಿಗೂ ಸಮವಾಗದು. ರಸ ತೆಗೆಯುವವನು ಬಣ್ಣವನ್ನು ಯಂತ್ರದಿಂದ ಅಳೆಯುವನು. ಬೆಳೆದವನು ಕಣ್ಣಂದಾಜಿನ ಮೇಲೆ ಮಾರುವನು. ಹೀಗಿರಲು ಮೆಣಸಿನಕಾಯಿಯನ್ನು ಬಿಟ್ಟು ಗೋವಿನಜೋಳಕ್ಕೆ ಹೊರಳಿದ ಒಕ್ಕಲಿಗನನ್ನು ಯಾರು ದೂರಬಲ್ಲರು?

“ಸಂಶೋಧನೆಯು ದೊಡ್ಡ ಪಟ್ಟಣಗಳ ಕೆಲಸ, ಹಳ್ಳಿಗಾಡಿಗೇಕೆ?” ಎಂದು ಕೆಲವರು ಕೇಳುವರು. ಕಾಯಿ ಕೆಡುವದು ಎಲ್ಲಿ? ನಮ್ಮ ಕಣದಲ್ಲಿಯೇ. ಅತಿ ಬಿಸಿಲಿಗೆ ಬಣ್ಣವು ಮಾಸುವದು. ತೇವ ಉಳಿದ ರಾಶಿಯಲ್ಲಿ ಬೂಷ್ಟು ಹುಟ್ಟಿ ವಿಷವೇರುವದು. ಅಂಥ ಮಾಲನ್ನು ಪರದೇಶದವರು ಹಿಂದಕ್ಕೆ ಕಳಿಸುವರು. ಆದುದರಿಂದ ಶೋಧನೆಯು ಕಣದಿಂದಲೇ ಆರಂಭವಾಗತಕ್ಕದ್ದು.

ನಾವು ಕೇಳಬೇಕಾದುದು ಮೂರೇ. ಮಾರುಕಟ್ಟೆಯಲ್ಲಿ ಪ್ರತಿಯೊಬ್ಬ ರೈತನ ಮಾಲಿನ ಬಣ್ಣವನ್ನೂ ತೇವವನ್ನೂ ಅಳೆದು, ಹರಾಜಿನ ಮೊದಲೇ ಅವನ ಕೈಗೆ ಚೀಟಿ ಕೊಡಬೇಕು. ಊರೂರಿಗೆ ನೆರಳಿನಲ್ಲಿ ಒಣಗಿಸುವ ಸಾಧನಗಳು ಬರಬೇಕು. ಹಾವೇರಿಯ ಮಗ್ಗುಲಲ್ಲಿರುವ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರವು ಮೈಸೂರಿನ ಸಂಶೋಧನಾಲಯದೊಡನೆ ಕೂಡಿ, ರೈತರ ಸಹಕಾರಿ ಸಂಘವು ನಡೆಸಬಲ್ಲಂಥ ಚಿಕ್ಕ ರಸದ ಕಾರಖಾನೆಯೊಂದನ್ನು ಇಲ್ಲಿಯೇ ನಡೆಸಿ ತೋರಿಸಬೇಕು.

ಶಿಕ್ಷಕ ಬಂಧುಗಳೇ, ನಿಮ್ಮಲ್ಲಿಯೂ ಒಂದು ಬಿನ್ನಹ. ಒಂದು ಚಿಟಿಕೆ ಮೆಣಸಿನ ಪುಡಿಯನ್ನು ನೀರಿನಲ್ಲಿಯೂ ಇನ್ನೊಂದನ್ನು ಎಣ್ಣೆಯಲ್ಲಿಯೂ ಹಾಕಿ ಮಕ್ಕಳಿಗೆ ತೋರಿಸಿರಿ. ನೀರಿಗೆ ಬಾರದ ಕೆಂಪು ಎಣ್ಣೆಗೆ ಏಕೆ ಬಂದಿತೆಂದು ಕೇಳಿರಿ. ಆ ಪ್ರಶ್ನೆ ಹುಟ್ಟಿದ ಮನೆಯಲ್ಲಿ ನಾಳಿನ ಕಾರಖಾನೆಯೂ ಹುಟ್ಟುವದು. ಚೀಲ ಹೊತ್ತು ಕಳಿಸಿದ್ದು ಸಾಕು. ಇನ್ನು ಬಣ್ಣದ ಜೊತೆಗೆ ವಿದ್ಯೆಯೂ ನಮ್ಮದಾಗಲಿ.